ಅವರಿಗೆ ಬಿಯರ್ ಆದರೂ ಸಿಕ್ಕಿತ್ತು

ಸನ್ಮಾನ್ಯ ಚರ್ಚ್ ಆಸ್ತಿ ಸಮಿತಿಯ ಮಹನೀಯರ ಸನ್ನಿಧಿಗೆ,

ಯಾರ್ಕ್‌ಷೈರ್ ಮಳೆಯಲ್ಲಿ ತೊಪ್ಪನೆ ತೊಯ್ದು ಬಂದ ಕನ್ನಡಿಗನ ನಮಸ್ಕಾರಗಳು.

ಶನಿವಾರ ಹತ್ತಕ್ಕೆ ಬಂದರೆ ಆರ್ಗನ್ ತೋರಿಸುವುದಾಗಿ ತಾವು ದಯಮಾಡಿ ಬರೆದಿದ್ದಿರಿ. ಬಂದೆ. ಜೊತೆಗೆ ಪಕ್ಕದ ಮನೆಯ ಅಜ್ಜ. ತಮ್ಮ ಚರ್ಚಿನಲ್ಲಿ ಊರಿನವರ ಮದುವೆಗೂ ಮಣ್ಣಿಗೂ ಆರ್ಗನ್ ನುಡಿಸಿದವರು ಅವರೇ. ಬಾಗಿಲಿಗೆ ಬೀಗ. ತಾವು ಕೊಟ್ಟ ನಂಬರಿಗೆ ಫೋನ್ ಮಾಡಿದರೆ, ಸಂದೇಶ ಬಿಡಿ ಎಂದಿತು ಯಂತ್ರ. ಬಿಟ್ಟೆವು. ಅಜ್ಜನ ಮೊಣಕಾಲು ಸೋಲುವ ಹೊತ್ತಿಗೆ ಗುತ್ತಿಗೆದಾರನ ಕಡೆಯ ಹುಡುಗನೊಬ್ಬ ಹಿತ್ತಲಿನಿಂದ ಬಂದು, "ಆರ್ಗನ್ನಾ? ನಿನ್ನೇನೇ ಕಿತ್ತಾಯ್ತಲ್ಲ" ಎಂದು ಕಬ್ಬಿಣದ ದೊಡ್ಡ ಕಸದ ತೊಟ್ಟಿ ತೋರಿಸಿದ.

ತಮ್ಮ ದಕ್ಷತೆಗೆ ಅಭಿನಂದನೆಗಳು. ಉತ್ತರ ಬರೆಯಲು ವಾರಗಟ್ಟಲೆ ಬೇಕಾದ ಸಮಿತಿ, ಕೀಳುವ ಕೆಲಸವನ್ನು ಒಂದೇ ಶುಕ್ರವಾರದಲ್ಲಿ ಮುಗಿಸಿದೆ.

ಆರ್ಗನ್ ಮುರಿಯುವುದಕ್ಕೆ ಈ ದೇಶದಲ್ಲಿ ದೊಡ್ಡ ಪರಂಪರೆಯೇ ಇದೆ, ಒಪ್ಪುತ್ತೇನೆ. ಅಂತರ್ಯುದ್ಧದ ಕಾಲದಲ್ಲಿ, 1643ರಲ್ಲಿ, ಪಾರ್ಲಿಮೆಂಟಿನ ಸೈನಿಕರು ವೆಸ್ಟ್‌ಮಿನ್‌ಸ್ಟರ್ ಅಬ್ಬೆಗೆ ನುಗ್ಗಿ, ಆರ್ಗನ್ನಿನ ಕೊಳವೆಗಳನ್ನು ಕಿತ್ತು, ಹೆಂಡದಂಗಡಿಯಲ್ಲಿ ಒತ್ತೆಯಿಟ್ಟು ಬಿಯರ್ ಕುಡಿದರೆಂದು ರಾಜಪಕ್ಷದವರು ಬರೆದಿಟ್ಟಿದ್ದಾರೆ. ಮರುವರ್ಷ ಪಾರ್ಲಿಮೆಂಟೇ ಚರ್ಚುಗಳಿಂದ ಆರ್ಗನ್ ತೆಗೆದುಹಾಕಲು ಆಜ್ಞೆ ಹೊರಡಿಸಿತು. ಅವರು ಆರ್ಗನ್ನನ್ನು ದ್ವೇಷಿಸಿದರು ಸ್ವಾಮಿ. ದ್ವೇಷಿಸಬೇಕಾದರೆ ಒಮ್ಮೆಯಾದರೂ ಕೇಳಿರಬೇಕು. ಮೇಲಾಗಿ ಅವರಿಗೆ ಬಿಯರ್ ಆದರೂ ಸಿಕ್ಕಿತು. ತಮಗೆ ಏನು ಸಿಕ್ಕಿತು? ತವರ ಮತ್ತು ಸೀಸಕ್ಕೆ ಗುಜರಿಯವನು ಕೊಟ್ಟ ಚಿಲ್ಲರೆ, ಅದರಲ್ಲೂ ತೊಟ್ಟಿಯ ಬಾಡಿಗೆ ಕಳೆದು.

ಫ್ರಾನ್ಸಿನ ನಾಂಟ್ ಕ್ಯಾಥೆಡ್ರಲ್ಲಿನ ಆರ್ಗನ್ ಕಥೆ ತಮ್ಮ ಕಿವಿಗೆ ಬಿದ್ದಿರಲಾರದು. 1621ರ ವಾದ್ಯ. ಕ್ರಾಂತಿಯ ಕಾಲದಲ್ಲಿ ಅದನ್ನೂ ಒಡೆದು ಲೋಹ ಕರಗಿಸಲು ಹೊರಟಿದ್ದರು. ನುಡಿಸುತ್ತಿದ್ದ ಡೆನಿ ಜುಬೇರ್ ಎಂಬಾತ, ನಿಮ್ಮ ಕ್ರಾಂತಿಯ ಹಬ್ಬಗಳಿಗೂ ಇದೇ ಮೊಳಗಲಿ ಎಂದು ಪುಸಲಾಯಿಸಿ ಉಳಿಸಿಕೊಂಡ. ತಲೆ ಕಡಿಯುವವರೂ ಅವನ ಮಾತಿಗೆ ಕಿವಿಗೊಟ್ಟರು! 1972ರ ಬೆಂಕಿಯನ್ನೂ ದಾಟಿದ ಆ ಆರ್ಗನ್ 2020ರ ಜುಲೈಯಲ್ಲಿ ಯಾರೋ ಹಚ್ಚಿದ ಬೆಂಕಿಗೆ ಬೂದಿಯಾಯಿತು. ಆ ದಿನ ಊರು ಅತ್ತಿತು. ತಮ್ಮದಕ್ಕೆ ಅಳಲೂ ಸಮಯ ಕೊಡಲಿಲ್ಲ. ಬೆಂಕಿ ಹಚ್ಚಿದವನನ್ನು ಹಿಡಿದು ಜೈಲಿಗೆ ಹಾಕಿದರು. ಸಮಿತಿಗೆ ಚಹಾ ಬಿಸ್ಕತ್ತು.

'ಹಳೆಯದಾಯಿತು, ನಿರುಪಯುಕ್ತ' ಎಂದು ಬರೆದಿದ್ದಿರಲ್ಲ, ಸ್ವಿಟ್ಜರ್ಲೆಂಡಿನ ಸಿಯಾನ್ ಊರಿನ ಬೆಟ್ಟದ ಮೇಲೆ, ವಲೇರ್ ಚರ್ಚಿನಲ್ಲಿ, ಹದಿನೈದನೇ ಶತಮಾನದ ಆರ್ಗನ್ ಈಗಲೂ ನುಡಿಯುತ್ತದೆ. ಅಷ್ಟು ದೂರ ಯಾಕೆ? ಬಸ್ಸು ಹತ್ತಿದರೆ ಸಿಗುವ ಹಡ್ಡರ್ಸ್‌ಫೀಲ್ಡ್‌ನ ಪೀಟರ್ ಕೊನಾಕರ್ ಕಂಪನಿ ಮಾಡಿದ ಆರ್ಗನ್ ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚಿನಲ್ಲಿ 1881ರಿಂದ ಇದೆ. ನಮ್ಮವರೇನು ಸಂರಕ್ಷಣೆಯ ಸಂತರಲ್ಲ, ಧರ್ಮಾಂಬುಧಿ ಕೆರೆಯನ್ನೇ ಬಸ್ ನಿಲ್ದಾಣ ಮಾಡಿದವರು. ಅಂಥವರೂ ನಿಮ್ಮ ಜಿಲ್ಲೆಯ ವಾದ್ಯವನ್ನು ಇಟ್ಟುಕೊಂಡಿದ್ದಾರೆ.

ಇನ್ನು 'ತಾವು' ಎನ್ನಲು ನನ್ನಿಂದಾಗದು.

ಅದು ಕೆಟ್ಟದ್ದು ಹೇಗೆ, ಹೇಳಿ? ಮರದ ಗಾಳಿಪೆಟ್ಟಿಗೆಯ ಪಕ್ಕದಲ್ಲೇ ಹೀಟರ್ ಕೂರಿಸಿ, ವಾರಕ್ಕೊಂದು ಗಂಟೆ ಭಗ್ಗನೆ ಉರಿಸಿ, ಆರು ದಿನ ತಣ್ಣಗೆ ಬಿಟ್ಟವರು ನೀವು. ಮರ ಸೀಳಿತು. ತಿದಿಯ ಚರ್ಮ ಒಣಗಿ ಬಿರಿಯಿತು. ಗಾಳಿ ಸೋರಿದ್ದಕ್ಕೆ ನುಡಿಸಬೇಡಿ ಎಂದಿರಿ, ನುಡಿಸದ್ದಕ್ಕೆ ಕೆಟ್ಟಿದೆ ಎಂದಿರಿ, ಕೆಟ್ಟಿದ್ದಕ್ಕೆ 'ಉಚಿತ, ಬಿಚ್ಚಿ ಒಯ್ಯುವ ಖರ್ಚು ಒಯ್ಯುವವರದು' ಎಂದು ಜಾಹೀರಾತು ಹಾಕಿದಿರಿ. ಚರ್ಮ ಹರಿದರೆ ಹೊಸ ಚರ್ಮ ಹೊದಿಸಬಹುದು. ನಮ್ಮ ಭಜನಾ ಮಂಡಳಿಯ ಹಾರ್ಮೋನಿಯಂ ತಿದಿಗೆ ನಾನೇ ಹೊದಿಸಿದ್ದೇನೆ. ಒಯ್ಯಲು ಬಂದವರಿಗೆ ಬಾಗಿಲನ್ನಾದರೂ ತೆಗೆಯಬೇಕಿತ್ತಲ್ಲ! ಅಜ್ಜ ಪೋಲೆಂಡಿನ ಚರ್ಚೊಂದರ ಜೊತೆ ಮಾತಾಡಿದ್ದರು. ಅಲ್ಲಿಂದ ಲಾರಿ ಕಳಿಸುತ್ತೇವೆ ಎಂದಿದ್ದರು. ಆ ವಿಷಯ ಬರೆದ ಕಾಗದಕ್ಕೂ ನಿಮ್ಮಿಂದ ಉತ್ತರವಿಲ್ಲ.

ತೊಟ್ಟಿಯೊಳಗೆ ಏನಿತ್ತು ಎಂದು ನೀವು ಬಗ್ಗಿ ನೋಡಿರಲಿಕ್ಕಿಲ್ಲ. ಆಳೆತ್ತರದ ಲೋಹದ ಕೊಳವೆ, ಹಿಡಿಸಲಿ ಎಂದು ಬೂಟುಗಾಲಲ್ಲಿ ತುಳಿದು ಎರಡು ಮಡಿಕೆ ಮಾಡಿದ್ದು. ಅದರ ಮೈಮೇಲೆ ಯಾವ ಸ್ವರದ್ದು ಎಂದು ಮಾಡಿದವನು ಗೀರಿದ ಅಕ್ಷರ. ಅಜ್ಜ ಅದನ್ನು ಓದಿ, ಜೀವಮಾನವೆಲ್ಲ ಪ್ರಾರ್ಥನೆ ಆಡಿದ ಬಾಯಲ್ಲಿ ಒಂದು ಮಾತು ಆಡಿದರು. ಅದನ್ನಿಲ್ಲಿ ಬರೆಯುವುದಿಲ್ಲ, ನಿಮಗೆ ಸೇರಿದ್ದು ಎಂದಷ್ಟೇ ತಿಳಿಯಿರಿ. ಕೆಳಗೊಂದು ಹಲಗೆ. ಕರೆಂಟು ಬರುವ ಮೊದಲು ತಿದಿ ಒತ್ತುತ್ತಿದ್ದ ಹುಡುಗರು ಪೆನ್ಸಿಲ್ಲಿನಲ್ಲಿ ಗೀಚಿದ ಹೆಸರುಗಳು, ಪಕ್ಕದಲ್ಲೇ ದಪ್ಪ ಮೂಗಿನ ಪಾದ್ರಿಯ ಚಿತ್ರ. ಆ ಹಲಗೆ ಈಗ ನಮ್ಮ ಮನೆಯಲ್ಲಿದೆ. ಕಳ್ಳತನ ಎಂದು ದೂರು ಕೊಡಿ. ಆಗಲಾದರೂ ನಿಮ್ಮಲ್ಲೊಬ್ಬರು ಫೋನ್ ಎತ್ತಬೇಕಾದೀತು.

ಕೊನೆಯದಾಗಿ: ನಿಮ್ಮ ಸುಪರ್ದಿನಲ್ಲಿರುವ ಇನ್ನೊಂದು ಚರ್ಚಿನಲ್ಲೂ ಆರ್ಗನ್ ಇದೆ, ಅದರ ಪಕ್ಕದಲ್ಲೂ ಹೀಟರ್ ಇದೆ. ಹೀಟರ್ ಆರಿಸಿ, ಬೀಗದ ಕೈಯನ್ನು ಅಜ್ಜನ ಕೈಗೆ ಕೊಡಿ. ಲಾರಿಯ ಮಾತು ನಾವು ಆಡಿಕೊಳ್ಳುತ್ತೇವೆ. ಕೊಳವೆ ಮಾರಿ ಬರುವ ಕಾಸು ಕೈತಪ್ಪಿತೆಂಬ ಸಂಕಟವಾದರೆ, ಇಡೀ ಸಮಿತಿಗೆ ಬಿಯರ್ ನನ್ನ ಖರ್ಚು.

ಇಂತಿ,
ಹಲಗೆ ಕದ್ದವನು