ಅವರಿಗೆ ಮಂಗೋಲಿಯಾ, ನಮಗೆ ಬಾಣಂತನ

ನಮ್ಮ ಕಡೆ ನಿವೃತ್ತ ದಂಪತಿ ವಿಮಾನ ಹತ್ತುವುದಕ್ಕೆ ಎರಡೇ ಕಾರಣ: ಒಂದು ಕಾಶಿ, ಇನ್ನೊಂದು ಬಾಣಂತನ. ಕಾಶಿಗೆ ಹೋದವರು ವಾರದೊಳಗೆ ಗಂಗೆಯ ತಂಬಿಗೆ ಹಿಡಿದು ವಾಪಸ್ಸಾಗುತ್ತಾರೆ. ಬಾಣಂತನಕ್ಕೆ ಹೋದವರು ಮಾತ್ರ ಇಮಿಗ್ರೇಷನ್ ಅಧಿಕಾರಿ ದಯಪಾಲಿಸಿದ ಆರು ತಿಂಗಳಲ್ಲಿ ಒಂದು ದಿನವನ್ನೂ ಪೋಲು ಮಾಡದೆ ಮುಗಿಸಿಯೇ ಬರುತ್ತಾರೆ. ನಾನೂ ನನ್ನವಳೂ ಈ ಎರಡನೇ ಪಂಗಡಕ್ಕೆ ಸೇರಿ, ಬಾಣಂತಿ ಖಾರ, ಅಂಟಿನುಂಡೆ, ಸಾಂಬ್ರಾಣಿ ಸಮೇತ ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯ ಹೊರವಲಯದ ಮಗಳ ಮನೆಯಲ್ಲಿ ಬಂದಿಳಿದೆವು. ಸಾಂಬ್ರಾಣಿಯನ್ನು ಮೊದಲ ದಿನವೇ ಗಂಟುಕಟ್ಟಿ ಮೇಲಿಟ್ಟದ್ದಾಯಿತು. ಹೊಗೆ ಕಂಡರೆ ಇಲ್ಲಿ ಸೂರೇ ಬಾಯಿ ಬಡಿದುಕೊಳ್ಳುತ್ತದೆ.

ನಾವು ಬಂದ ಕೆಲವು ದಿನಕ್ಕೆ ಪಕ್ಕದ ಮನೆಯ ಯಜಮಾನರೂ ಬಂದರು. ಎಪ್ಪತ್ತರ ಆಸುಪಾಸಿನ ಅಜ್ಜ, ಅಜ್ಜಿ. ಒಂದೂವರೆ ವರ್ಷ ಮಂಗೋಲಿಯಾದಲ್ಲಿದ್ದರಂತೆ. “ಅಲ್ಲಿರೋದು ಮಗನೋ, ಮಗಳೋ?” ಎಂದು ನನ್ನವಳು ವಿಚಾರಿಸಿದಳು. ಯಾರೂ ಇಲ್ಲ ಎಂದರು. ಅವಳು ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಮತ್ತೆ ಬಾಣಂತನ ಯಾರದು?” ಎಂದಳು.

ಅವರು ಹೋಗಿದ್ದದ್ದು ಮಿಷನ್‌ಗೆ. ಊರೆಲ್ಲ ಮಾರ್ಮನ್ನರೆಂದು ಕರೆಯುವ, ತಾವು ಮಾತ್ರ ‘ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್ ಡೇ ಸೇಂಟ್ಸ್’ ಎಂದು ಕರೆದುಕೊಳ್ಳುವ ಪಂಥದವರು ಅವರು. ಅಡ್ಡಹೆಸರು ಬೇಡ, ಪೂರ್ತಿ ಹೆಸರೇ ಬಳಸಿ ಎಂದು ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ 2018ರಲ್ಲಿ ಹೇಳಿದ್ದರಂತೆ. ಹೇಳಿ ಮುಗಿಸುವಷ್ಟರಲ್ಲಿ ಒಲೆ ಮೇಲಿನ ಹಾಲು ಉಕ್ಕುತ್ತದೆಂಬ ಕಾರಣಕ್ಕೆ ನಮ್ಮ ಮನೆಯಲ್ಲಿ ಅವರು ‘ಪಕ್ಕದವರು’ ಆದರು.

ಈ ಪಂಥದ ಹುಡುಗರು ಹದಿನೆಂಟು ತುಂಬಿದರೆ ಬಿಳಿ ಅಂಗಿ, ಟೈ, ಎದೆಗೆ ಕರಿ ಹೆಸರುಪಟ್ಟಿ ಧರಿಸಿ ಎರಡು ವರ್ಷ ಎಲ್ಲಿ ಕಳಿಸಿದರೆ ಅಲ್ಲಿಗೆ ಧರ್ಮಪ್ರಚಾರಕ್ಕೆ ಹೊರಡುತ್ತಾರೆ. ಯಾವಾಗಲೂ ಜೋಡಿ. ಬಚ್ಚಲುಮನೆ ಬಿಟ್ಟರೆ ಬೇರೆಲ್ಲೂ ಒಬ್ಬರು ಇನ್ನೊಬ್ಬರ ಕಣ್ಣು ತಪ್ಪಿಸುವಂತಿಲ್ಲ. 2019ರ ತನಕ ಅವರು ಮನೆಗೆ ಫೋನು ಮಾಡಬಹುದಾದದ್ದು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೆ ಮತ್ತು ಅಮ್ಮಂದಿರ ದಿನಕ್ಕೆ. ಈಗ ವಾರಕ್ಕೊಮ್ಮೆ ಮಾಡಬಹುದು. ನನ್ನವಳು ಇದನ್ನು ಕೇಳಿ ಆ ತಾಯಂದಿರಿಗೆ ಕೂತಲ್ಲಿಂದಲೇ ಕೈಮುಗಿದಳು. ಮಗಳು ಹಾಸ್ಟೆಲಿನಲ್ಲಿದ್ದಾಗ ಇಂದು ಪಲ್ಯ ಏನು ಎಂದು ತಿಳಿಯದೆ ಇವಳಿಗೆ ತುತ್ತು ಇಳಿಯುತ್ತಿರಲಿಲ್ಲ.

ನಿವೃತ್ತರದು ಬೇರೆ ಲೆಕ್ಕ. ಗಂಡ ಹೆಂಡತಿ ಒಟ್ಟಿಗೆ ಹೋಗಬೇಕು. ಆರು ತಿಂಗಳಿಂದ ಇಪ್ಪತ್ಮೂರು ತಿಂಗಳ ತನಕ ಅವಧಿ. ಮನೆಮನೆ ಬಾಗಿಲು ಬಡಿಯುವ ಕಟ್ಟುನಿಟ್ಟಿಲ್ಲ. ಸಂಬಳವಂತೂ ಇಲ್ಲವೇ ಇಲ್ಲ. ಇರುವ ಊರಿನ ಬಾಡಿಗೆ, ದಿನಸಿ ಎಲ್ಲ ಕೈಯಿಂದಲೇ. ನೀರಾವರಿ ಇಲಾಖೆಯಲ್ಲಿ ಸೇವೆ ಮುಗಿಸಿ ಬಂದ ನನಗೆ, ಪಿಂಚಣಿಯ ದುಡ್ಡು ಖರ್ಚು ಮಾಡಿ ಆಫೀಸಿಗೆ ಹೋಗುವವರು ಈ ಭೂಮಿಯ ಮೇಲೆ ಇದ್ದಾರೆಂಬುದೇ ಹೊಸ ವಿಷಯ.

ಅದಕ್ಕಿಂತ ಹೊಸದು ಅವರ ಟ್ರಾನ್ಸ್‌ಫರ್ ಪದ್ಧತಿ. ಅರ್ಜಿಯಲ್ಲಿ ಇಷ್ಟದ ಜಾಗ ಬರೆಯಬಹುದು. ಅಜ್ಜ ಹವಾಯಿ ಎಂದು ಬರೆದಿದ್ದರು. ಚರ್ಚಿನ ಅಧ್ಯಕ್ಷರ ಸಹಿಯಿರುವ ಪತ್ರ ಬಂತು. ಮಕ್ಕಳು ಮೊಮ್ಮಕ್ಕಳನ್ನೆಲ್ಲ ಸೇರಿಸಿ ಅದನ್ನು ಗಟ್ಟಿಯಾಗಿ ಓದುವುದು ಇಲ್ಲಿಯ ರೂಢಿ. ಅಜ್ಜಿ ಓದಿದರು: ಉಲಾನ್‌ಬಾತರ್. ಮೊಮ್ಮಗನೊಬ್ಬ ಫೋನು ತಡಕಿ, ಪ್ರಪಂಚದ ರಾಜಧಾನಿಗಳಲ್ಲೆಲ್ಲ ಹೆಚ್ಚು ಚಳಿ ಅಲ್ಲೇ, ಜನವರಿಯಲ್ಲಿ ಮೈನಸ್ ಮೂವತ್ತಕ್ಕೂ ಇಳಿಯುತ್ತದೆ ಎಂದು ಸಂಭ್ರಮದಿಂದ ಘೋಷಿಸಿದನಂತೆ. ಅಜ್ಜ ಸುಮ್ಮನೆ ಎದ್ದು ಹೋಗಿ ಉಣ್ಣೆ ಕಾಲುಚೀಲ ಹುಡುಕತೊಡಗಿದರು. ನಮ್ಮ ಇಲಾಖೆಯಲ್ಲಾಗಿದ್ದರೆ, ಶಿವಮೊಗ್ಗ ಕೇಳಿದವನಿಗೆ ರಾಯಚೂರು ಬಂದ ಸಂಜೆಯೇ ಹೆಂಡತಿಯ ಸೋದರಮಾವನ ಕಡೆಯ ಶಾಸಕರ ಗೇಟಿನ ಮುಂದೆ ಅವನ ಸ್ಕೂಟರು ನಿಂತಿರುತ್ತಿತ್ತು.

ಹಾಗೆ ನೋಡಿದರೆ ಇವರು ಪುಣ್ಯವಂತರು. ಈ ಪಂಥದ ಹಳೆಯ ನಾಯಕ ಬ್ರಿಗಮ್ ಯಂಗ್ ಕಾಲದಲ್ಲಿ ಅರ್ಜಿಯೂ ಇರಲಿಲ್ಲ, ಇಷ್ಟವೂ ಇರಲಿಲ್ಲ. 1852ರ ಆಗಸ್ಟಿನಲ್ಲಿ ಇದೇ ಊರಲ್ಲಿ ಸಭೆ ಸೇರಿಸಿ ಸುಮಾರು ನೂರು ಗಂಡಸರನ್ನು ದೇಶದೇಶಗಳಿಗೆ ನೇಮಿಸಿದರು. ಕೆಲವರಿಗೆ ಬಿದ್ದದ್ದು ಕಲ್ಕತ್ತಾ. ಅವರು ಸ್ಯಾನ್ ಫ್ರಾನ್ಸಿಸ್ಕೋದಿಂದ ಹಡಗು ಹತ್ತಿ 1853ರ ಏಪ್ರಿಲ್‌ನಲ್ಲಿ ಬಂಗಾಳ ಮುಟ್ಟಿದರು. ಹಡಗಿನ ಹೆಸರು ‘ಮಾನ್ಸೂನ್’. ನಮ್ಮ ಮುಂಗಾರಿಗಿಂತ ಆ ವರ್ಷ ಅದೇ ಮುಂಚೆ ಬಂತು. ಹೆಂಡಿರು ಇಲ್ಲೇ ಉಳಿದು ಹೊಲ, ದನ, ಮಕ್ಕಳನ್ನು ನೋಡಿಕೊಂಡರು. ಗಂಡ ಹೆಂಡತಿಯನ್ನು ಒಟ್ಟಿಗೆ ಕಳಿಸುವ ಜಾಣತನ ಆಮೇಲಿನದು.

ಮಂಗೋಲಿಯಾದಲ್ಲಂತೂ ಈ ಚರ್ಚಿನ ಕೆಲಸ ಶುರುವಾದದ್ದೇ ಅಜ್ಜ ಅಜ್ಜಿಯರಿಂದ. ಕಮ್ಯುನಿಸ್ಟ್ ಆಡಳಿತ ಮುಗಿದ ಹೊಸದರಲ್ಲಿ, 1992ರಲ್ಲಿ, ಅಲ್ಲಿಯ ಉನ್ನತ ಶಿಕ್ಷಣಕ್ಕೆ ನೆರವಾಗಲೆಂದು ಆರು ಹಿರಿಯ ಜೋಡಿಗಳು ಮೊದಲು ಹೋದವು. ನಮ್ಮ ಪಕ್ಕದವರ ಪಾಲಿಗೆ ಬಂದ ದೇವರ ಕೆಲಸ ಮಾತ್ರ ಬೇರೆ. ಹಲ್ಲಿನ ಡಾಕ್ಟರಾಗಿದ್ದ ಅಜ್ಜನಿಗೆ ಹುಡುಗ ಮಿಷನರಿಗಳ ಬಾಡಿಗೆ ಮನೆಗಳ ಉಸ್ತುವಾರಿ. ಸೋರುವ ನಲ್ಲಿ, ಕೆಟ್ಟ ಬೀಗ, ಬಾಡಿಗೆ ರಸೀದಿ, ಚಳಿಗೆ ಹಟ ಹಿಡಿದ ವ್ಯಾನು. ಅಜ್ಜಿ ಇಂಗ್ಲಿಷ್ ಪಾಠ ಹೇಳುತ್ತಿದ್ದರು. ಜೊತೆಗೆ ಹುಡುಗರ ಅಡುಗೆಮನೆಗಳ ತಪಾಸಣೆ. ಒಂದು ಫ್ರಿಜ್ಜಿನಲ್ಲಿ ಸಿಕ್ಕ ಹಸಿರು ವಸ್ತು ಮೊದಲು ಏನಾಗಿತ್ತು ಎಂಬುದು ಅಲ್ಲಿ ವಾಸವಿದ್ದ ಇಬ್ಬರಿಗೂ ಗೊತ್ತಿರಲಿಲ್ಲವಂತೆ. ಸಂಸ್ಥಾಪಕ ಜೋಸೆಫ್ ಸ್ಮಿತ್‌ಗೆ ಕಂಡ ದರ್ಶನಗಳ ಬಗ್ಗೆ ಅಜ್ಜ ನನಗೆ ಹೇಳಿದ್ದು ಹತ್ತು ನಿಮಿಷ. ಉಲಾನ್‌ಬಾತರಿನ ಪೈಪುಗಳ ಬಗ್ಗೆ ಹೇಳಿದ್ದು ಮೂರು ಸಂಜೆ. ನೀರಾವರಿಯವನಾದ ನನಗೆ ಎರಡನೆಯದೇ ಹೆಚ್ಚು ರುಚಿಸಿತು.

ನಿಜವಾದ ಧರ್ಮಸಂಕಟ ಬಂದದ್ದು ಚಹಾದ ರೂಪದಲ್ಲಿ. ಕಾಫಿ, ಚಹಾ, ಹೆಂಡ, ಹೊಗೆಸೊಪ್ಪು ಇವರಿಗೆ ನಿಷಿದ್ಧ. 1833ರಿಂದ ಬಂದ ಕಟ್ಟಳೆ. ಮಂಗೋಲಿಯಾದಲ್ಲೋ, ಗೇರ್ ಎಂಬ ದುಂಡು ಡೇರೆಮನೆಯೊಳಗೆ ಕಾಲಿಟ್ಟ ಕೂಡಲೇ ಬಟ್ಟಲು ಕೈಗೆ ಬರುತ್ತದೆ. ಅದರಲ್ಲಿ ಸೂತೆ ತ್ಸೈ, ಅಂದರೆ ಹಾಲು ಹಾಕಿದ ಉಪ್ಪು ಚಹಾ. ಬೇಸಿಗೆಯಾದರೆ ಐರಗ್. ಅದು ಹುಳಿ ಬರಿಸಿದ ಕುದುರೆ ಹಾಲು, ಸ್ವಲ್ಪ ಅಮಲೂ ಉಂಟು. ಬೇಡವೆಂದರೆ ಮನೆಯವರ ಮುಖ ಸಣ್ಣದಾಗುತ್ತದೆ. ಬೇಕೆಂದರೆ ಮೇಲಿನವನದು. ಬಲಗೈಯಲ್ಲಿ ಬಟ್ಟಲು ಹಿಡಿದು, ತುಟಿಯ ತನಕ ಒಯ್ದು, ದೊಡ್ಡ ನಗೆ ನಕ್ಕು, ಕೆಳಗಿಟ್ಟು ಮಕ್ಕಳ ಬಗ್ಗೆ ಕೇಳುವ ಒಂದು ವರಸೆಯನ್ನು ಅಜ್ಜಿ ಕಲಿತರು. ನಮಗೂ ಮಾಡಿ ತೋರಿಸಿದರು. ನನ್ನವಳ ಲಕ್ಷ್ಯವೆಲ್ಲ ಚಹಾಕ್ಕೆ ಉಪ್ಪು ಹಾಕುವವರ ಮೇಲಿತ್ತು. “ನಿಷೇಧ ಮಾಡಿದ್ದೇ ಒಳ್ಳೇದಾಯ್ತು” ಎಂದಳು.

ಆ ವರಸೆ ನಮ್ಮ ಮನೆಯಲ್ಲಿ ಕೆಲಸಕ್ಕೆ ಬರಲಿಲ್ಲ. ಊರಿಂದ ಹೊತ್ತು ತಂದ ಪುಡಿಯಲ್ಲಿ ಇಳಿಸಿದ ಮೊದಲ ಡಿಕಾಕ್ಷನ್ನಿನ ಕಾಫಿಯನ್ನು ಅವರು ಮುಟ್ಟದೆ ಇಟ್ಟದ್ದನ್ನು ಇವಳು ಮನಸ್ಸಿಗೆ ಹಚ್ಚಿಕೊಂಡಳು. ಪ್ರತಿಯಾಗಿ ಅವರ ಮನೆಯಿಂದ ಹಸಿರು ಜೆಲ್ಲಿ ಬಂತು, ಒಳಗೆ ಕ್ಯಾರೆಟ್ ತುರಿ ತೇಲುತ್ತಿತ್ತು. 2001ರಲ್ಲಿ ಯೂಟಾ ಸರ್ಕಾರ ಜೆಲ್-ಓ ಎಂಬ ಈ ಜೆಲ್ಲಿಯನ್ನು ರಾಜ್ಯದ ಅಧಿಕೃತ ತಿನಿಸೆಂದೇ ಸಾರಿದೆ. ಅದನ್ನು ಗಟ್ಟಿ ಮಾಡುವ ಜೆಲಟಿನ್ ದನ ಹಂದಿಗಳ ಮೂಳೆ ಚರ್ಮದ್ದು ಎಂದು ಅಳಿಯ ಪಿಸುಗುಟ್ಟಿದ. ಮುಂದಿನ ವಾರ ಆಲೂಗಡ್ಡೆಯ ಭಕ್ಷ್ಯ ಬಂತು. ಅದರಲ್ಲಿ ಕೋಳಿ ಸೂಪು. ಎರಡು ಮನೆಗಳ ನಡುವಿನ ಬೇಲಿಯ ಮೇಲೆ ತಿಂಗಳುಗಟ್ಟಲೆ ತಿನ್ನಲಾಗದ ಪ್ರೀತಿ ಆಚೀಚೆ ಓಡಾಡಿ, ಕಡೆಗೆ ಇಂಗು ಕರಿಬೇವಿನ ಮಜ್ಜಿಗೆ ಮತ್ತು ಕೋಡುಬಳೆಯ ಮೇಲೆ ರಾಜಿಯಾಯಿತು.

ಆದರೆ ಕಾಫಿ ಪಾಪವೆನ್ನುವ ಈ ಊರಲ್ಲಿ ಬಿಂದಿಗೆಯಷ್ಟು ದೊಡ್ಡ ಲೋಟದಲ್ಲಿ ಕೋಲಾ ಸುರಿದು, ಮೇಲೆ ತೆಂಗಿನ ಸಿರಪ್ಪು, ಕೆನೆ ಹಾಕಿ ಮಾರುವ ಅಂಗಡಿಗಳ ಮುಂದೆ ಕಾರು ಸಾಲುಗಟ್ಟಿ ನಿಂತಿರುತ್ತವೆ. ಕೆಫೀನಿಗೆ ಅಡ್ಡಿಯಿಲ್ಲ, ಅಡ್ಡಿ ಕಾಫಿ ಚಹಾಕ್ಕೆ ಮಾತ್ರ ಎಂದು ಚರ್ಚು 2012ರಲ್ಲೇ ಸ್ಪಷ್ಟಪಡಿಸಿದೆ. ನಗೋಣವೆಂದರೆ, ಏಕಾದಶಿಯೆಂದು ಅನ್ನ ಬಿಟ್ಟು ಒಗ್ಗರಣೆ ಅವಲಕ್ಕಿಯಲ್ಲಿ ಹೊಟ್ಟೆ ಬಿರಿಯುವಂತೆ ತಿಂದ ವಂಶ ನಮ್ಮದು.

ಒಂದು ಸಂಜೆ ಅಜ್ಜ ಇದ್ದಕ್ಕಿದ್ದಂತೆ, “ಮುಂಡಗೋಡ ಎಲ್ಲಿದೆ?” ಎಂದು ಕೇಳಿದರು. ನಾನು ಬೆಚ್ಚಿದೆ. ಉಲಾನ್‌ಬಾತರಿನ ಗಂದನ್ ಮಠದಲ್ಲಿ ಒಬ್ಬ ಬೌದ್ಧ ಭಿಕ್ಷು ಸಿಕ್ಕಿದ್ದನಂತೆ. ಓದಿದ್ದು ನಮ್ಮ ಉತ್ತರ ಕನ್ನಡದ ಮುಂಡಗೋಡದಲ್ಲಿ. ಅಲ್ಲಿಯ ಡ್ರೆಪುಂಗ್ ಗೋಮಾಂಗ್ ಮಠಕ್ಕೆ ಮಂಗೋಲಿಯಾದ ಹುಡುಗರು ಬರುವುದು ಹಳೆಯ ನಂಟು. ಯೂಟಾದ ಹುಡುಗರು ಮಂಗೋಲಿಯಾಕ್ಕೆ, ಮಂಗೋಲಿಯಾದ ಹುಡುಗರು ಮುಂಡಗೋಡಕ್ಕೆ, ನಮ್ಮ ಕಡೆಯ ಹುಡುಗರು ಸಾಫ್ಟ್‌ವೇರ್ ಜಪಿಸುತ್ತ ಯೂಟಾಕ್ಕೆ. ಚಕ್ರ ಪೂರ್ತಿಯಾಯಿತು ಎಂದು ನಾನು ಹೇಳಿದ್ದಕ್ಕೆ ಅಜ್ಜ ಕೋಡುಬಳೆ ಎತ್ತಿ ತೋರಿಸಿದರು.

ಅಜ್ಜಿಯ ಕತೆಗಳಲ್ಲಿ ಮಾತ್ರ ಮಂಗೋಲಿಯಾಕ್ಕಿಂತ ಗಂಡನೇ ಹೆಚ್ಚು. ನಲವತ್ತು ವರ್ಷ ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗಿ ಸಂಜೆ ಬರುತ್ತಿದ್ದ ಮನುಷ್ಯ, ಒಂಬತ್ತನೇ ಮಹಡಿಯ ಎರಡು ಕೋಣೆಯಲ್ಲಿ, ಹೊರಗೆ ಕಲ್ಲಿದ್ದಲ ಹೊಗೆ ಕವಿದ ಚಳಿಗಾಲದಲ್ಲಿ, ಇಡೀ ದಿನ ಎದುರಿಗೆ. ಹುಡುಗ ಮಿಷನರಿಗಳಿಗಾದರೆ ಆಗಾಗ ಜೋಡಿ ಬದಲಾಯಿಸಿ ಕೊಡುತ್ತಾರೆ. “ನಮಗೆ ಆ ಸೌಲಭ್ಯ ಇರಲಿಲ್ಲ” ಎಂದರು ಅಜ್ಜಿ. ನನ್ನವಳು ಅವರ ಕೈ ಹಿಡಿದುಕೊಂಡಳು. ಅಂದಿನಿಂದ ಭಾಷೆ ಅವರಿಗೆ ಅಡ್ಡಿಯಾಗಲಿಲ್ಲ. ಊರಿನಲ್ಲಿ ನಾನು ವಾಕಿಂಗು, ಲೈಬ್ರರಿ, ಪಿಂಚಣಿದಾರರ ಸಂಘ ಎಂದು ಕಣ್ಮರೆಯಾಗುವವನು. ಇಲ್ಲಿ ಕಾರಿಲ್ಲದೆ ಗೇಟು ದಾಟುವಂತಿಲ್ಲ. ಆ ವಿಷಯವೂ ಅಲ್ಲಿ ಸವಿಸ್ತಾರವಾಗಿ ಚರ್ಚೆಯಾದಂತೆ ಕಾಣುತ್ತದೆ.

ಒಂದು ವಿಷಯ ಮಾತ್ರ ಇವಳಿಗೆ ಜೀರ್ಣವಾಗಲಿಲ್ಲ. ಅವರು ಅಲ್ಲಿದ್ದಾಗಲೇ ಅವರ ಮಗಳಿಗೆ ಇಲ್ಲಿ ಹೆರಿಗೆಯಾಗಿತ್ತು. ಮೊಮ್ಮಗಳ ಮುಖ ಅವರು ಮೊದಲು ನೋಡಿದ್ದು ಫೋನಿನಲ್ಲಿ. ಬಾಣಂತಿಯ ಊಟ? ಚರ್ಚಿನ ಹೆಂಗಸರು ಸರದಿಯ ಮೇಲೆ ತಂದುಕೊಟ್ಟರು. 1842ರಲ್ಲಿ ಕಟ್ಟಿದ ‘ರಿಲೀಫ್ ಸೊಸೈಟಿ’ ಎಂಬ ಅವರ ಮಹಿಳಾ ಸಂಘಕ್ಕೆ ಇದು ಮಾಮೂಲಿ ಕೆಲಸ. “ಹೆತ್ತ ಮಗಳನ್ನ ಬಿಟ್ಟು ಯಾರದೋ ನಲ್ಲಿ ರಿಪೇರಿಗೆ ಹೋಗೋದೇ?” ಎಂದು ಇವಳು ರಾತ್ರಿಯೆಲ್ಲ ಗೊಣಗಿದಳು. ನಾನು ಬಾಯಿಬಿಡಲಿಲ್ಲ. ಏಳು ಸಮುದ್ರ ದಾಟಿ ಬಂದ ನಾವು ತೂಗುವುದು ನಮ್ಮದೇ ತೊಟ್ಟಿಲು. ಬೆಂಗಳೂರಿನಲ್ಲಿ ಎದುರುಮನೆಯ ಕೂಸು ಅತ್ತರೆ ಕಿಟಕಿ ಹಾಕಿಕೊಳ್ಳುವವರೂ ನಾವೇ.

ಅವರೀಗ ಮತ್ತೆ ಅರ್ಜಿ ಹಾಕಿದ್ದಾರೆ. ಈ ಸಲ ಇಷ್ಟದ ಜಾಗ ತುಂಬಿದವರು ಅಜ್ಜಿ. ಬಿಸಿಲಿರಬೇಕು, ಲಿಫ್ಟ್ ಇರಬೇಕು. ಚರ್ಚಿಗೆ ಬೆಂಗಳೂರಿನಲ್ಲೂ 1993ರಿಂದ ಮಿಷನ್ ಇದೆ, 2018ರಲ್ಲಿ ಅಲ್ಲೊಂದು ದೇವಾಲಯ ಘೋಷಣೆಯಾಗಿ 2020ರ ಡಿಸೆಂಬರಿನಲ್ಲಿ ಗುದ್ದಲಿಪೂಜೆಯೂ ಆಗಿದೆ ಎಂದು ಗೊತ್ತಾದ ಮೇಲೆ ನನ್ನವಳು ಮಗಳನ್ನು ದುಭಾಷಿಯಾಗಿ ಕೂರಿಸಿಕೊಂಡು ಸೂಚನೆಗಳನ್ನು ಬರೆಸುತ್ತಿದ್ದಾಳೆ. ಕೆಲಸದವಳು ಏಳಕ್ಕೆ ಬರುತ್ತಾಳೆ, ಹಬ್ಬಕ್ಕೆ ಸೀರೆ ಕೊಡಬೇಕು. ಕಾವೇರಿ ನೀರು ದಿನ ಬಿಟ್ಟು ದಿನ, ವಾಲ್ವು ಗೇಟಿನ ಎಡಕ್ಕೆ. ಮಹಡಿ ಮನೆಯವರು ದಿನಾ ಕಾಫಿ ತರುತ್ತಾರೆ, ಬೇಡ ಎಂದರೆ ವರ್ಷವಿಡೀ ಮಾತು ಬಿಡುತ್ತಾರೆ, ಇಸಿದುಕೊಳ್ಳಿ. ಅವರು ಮೆಟ್ಟಿಲು ಹತ್ತಿದ ಮೇಲೆ ಸಿಂಕಿಗೆ ಸುರಿಯಿರಿ. ತುಳಸಿ ಕಟ್ಟೆಗೆ ಬೇಡ.