ಕಾಲರ್ ಹಿಡಿದು ಕೇಳಿದ್ದು

ಜೂನ್ ಕೊನೆಯ ವಾರ. ಕೊಡಗಿನ ಒಂದು ಪೇಟೆ. ಹೆಸರು ಬೇಡ, ಮಡಿಕೇರಿಯವರು ಗೋಣಿಕೊಪ್ಪ ಅಂದುಕೊಳ್ಳಲಿ, ಗೋಣಿಕೊಪ್ಪದವರು ಸೋಮವಾರಪೇಟೆ ಅಂದುಕೊಳ್ಳಲಿ. ಅಲ್ಲಿನ ರೋಟರಿ ಕ್ಲಬ್ಬಿನ ಕಾರ್ಯದರ್ಶಿಗಳ ಮನೆಯಲ್ಲೊಂದು ಕಬ್ಬಿಣದ ಬೀರು. ಒಳಗೆ ಕಂಬಳಿ, ಮದುವೆಯ ಕೋಟು, ಕೆಳಗೆ ಒಂದು ಜೊತೆ ಗಮ್‌ಬೂಟು, ಬಟ್ಟೆಗೆ ಬೂಷ್ಟು ಹಿಡಿಯದಿರಲೆಂದು ಮಳೆಗಾಲವಿಡೀ ಉರಿಸಿಡುವ 40 ವ್ಯಾಟಿನ ಹಳದಿ ಬಲ್ಬು. ಆ ಬಲ್ಬಿಗೆ ಬೆನ್ನೊಡ್ಡಿ ಮಲಗಿತ್ತು ಅಧ್ಯಕ್ಷರ ಕಾಲರ್. ನೀಲಿ ಪಟ್ಟಿ, ಅದರ ಮೇಲೆ ಸಾಲಾಗಿ ಹೊಲಿದ ಹಿತ್ತಾಳೆ ಬಿಲ್ಲೆಗಳು, ಬಿಲ್ಲೆಗೊಬ್ಬ ಮಾಜಿ ಅಧ್ಯಕ್ಷರ ಹೆಸರು, ತುದಿಯಲ್ಲಿ ತೂಗುವ ಹಲ್ಲುಚಕ್ರ. ಪದಗ್ರಹಣಕ್ಕೆ ಮೊದಲು ಸ್ವಲ್ಪ ಹೊತ್ತು ಕೊಡಿ ಎಂದು ಕೇಳಿದ್ದಕ್ಕೆ, "ವಂದನಾರ್ಪಣೆ ಇಲ್ಲ ತಾನೆ?" ಎಂದು ಖಾತ್ರಿ ಮಾಡಿಕೊಂಡು ಒಪ್ಪಿತು.

ನಾನು: ಹೇಗಿದ್ದೀರಿ? ಒಳ್ಳೇ ಹೊಳಪು ಬಂದಿದೆ.

ಕಾಲರ್: ಹತ್ತಿರ ಬಂದು ಮೂಸಿ ನೋಡಿ. ಕಾಚಂಪುಳಿ! ಹುಣಸೆಹಣ್ಣು ಮುಗಿದಿತ್ತಂತೆ, ಕಾರ್ಯದರ್ಶಿಗಳ ಮನೆಯವರು ಶೀಸೆಯಿಂದ ನಾಲ್ಕು ಹನಿ ಸುರಿದು ತಿಕ್ಕಿಬಿಟ್ಟರು. ಹಂದಿಮಾಂಸಕ್ಕೆ ಹಾಕುವುದನ್ನು ಅಧ್ಯಕ್ಷಗಿರಿಗೆ ಹಾಕುವುದೇ, ಮಾರಾಯ್ರೆ? ನಾಡಿದ್ದು ವೇದಿಕೆ ಮೇಲೆ ಮೂಗು ಚೂಪಾಗಿರುವವರು ಯಾರಾದರೂ ಕೂತಿದ್ದರೆ ಭಾಷಣದ ಮಧ್ಯೆಯೇ ಊಟದ ನೆನಪಾಗ್ತದೆ.

ನಾನು: ಜಡಿಮಳೆ ಶುರುವಾಗುವ ಹೊತ್ತಿಗೇ ಪದಗ್ರಹಣ ಇಟ್ಟುಕೊಳ್ಳುತ್ತೀರಲ್ಲ, ಮುಹೂರ್ತ ಯಾರಿಟ್ಟದ್ದು?

ಕಾಲರ್: ರೋಟರಿ ವರ್ಷ ಜುಲೈ 1ಕ್ಕೆ ಹುಟ್ತದೆ, ಜೂನ್ 30ಕ್ಕೆ ಸಾಯ್ತದೆ. ರೋಟರಿ ಹುಟ್ಟಿದ ಶಿಕಾಗೋದಲ್ಲಿ ಜುಲೈ ಅಂದರೆ ಬಿಸಿಲು. ಇಲ್ಲಿ? ಕರೆಂಟು ಹೋಗಿ ಜನರೇಟರ್ ಶಬ್ದದಲ್ಲೇ ಪ್ರಮಾಣವಚನ. ಹೊಸಬರು ಏನು ಪ್ರಮಾಣ ಮಾಡಿದರು ಅಂತ ಎದುರಿಗೆ ಕೂತವರಿಗೆ ಇವತ್ತಿನವರೆಗೆ ಸರಿಯಾಗಿ ಕೇಳಿಸಿದ್ದಿಲ್ಲ. ಅದರಿಂದ ಅನುಕೂಲವೇ ಆಗಿದೆ ಅನ್ನಿ. ಆಮೇಲೆ ವರ್ಷದ ಲೆಕ್ಕ ಹಾಕಿ. ಆಗಸ್ಟಿನಲ್ಲಿ ಕಕ್ಕಡ, ಮದ್ದುಸೊಪ್ಪಿನ ಪಾಯಸ. ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ಹಬ್ಬ. ಅಕ್ಟೋಬರಿನಲ್ಲಿ ದಸರಾ, ಕಾವೇರಿ ಸಂಕ್ರಮಣ. ಅಲ್ಲಿಂದ ಸುಗ್ಗಿಹಬ್ಬ ಪುತ್ತರಿ. ಪುತ್ತರಿ ಮುಗಿಯುವುದರೊಳಗೆ ಅರೇಬಿಕಾ ಹಣ್ಣಾಗಿರ್ತದೆ, ಅದು ಮುಗಿದರೆ ರೋಬಸ್ಟಾ. ಕಾಫಿ ಕೊಯ್ಲಿನ ಸಮಯದಲ್ಲಿ ಸಭೆಗೆ ಬಾ ಅಂತ ಕರೆದವನ ಜೊತೆ ಸ್ನೇಹ ಕೆಟ್ಟೀತು. ಮಾರ್ಚಿನಲ್ಲಿ ಹೂಮಳೆ ಬಂತೋ ಇಲ್ಲವೋ ಅಂತ ಆಕಾಶ ನೋಡ್ತಾ ಕೂರ್ತಾರೆ. ಏಪ್ರಿಲ್, ಮೇ ಕೊಡವ ಹಾಕಿ ಪಂದ್ಯ ಮತ್ತು ಮದುವೆ. ಪಾಪದ ಅಧ್ಯಕ್ಷನಿಗೆ ಜೂನ್ ಬರುವಾಗ ಕ್ಲಬ್ಬು ನಡೆಸುವುದು ಹೇಗೆ ಅಂತ ಸ್ವಲ್ಪ ತಿಳಿಯುತ್ತದೆ. ಅಷ್ಟರಲ್ಲಿ ನನ್ನನ್ನು ಇಳಿಸಿ ಇನ್ನೊಬ್ಬರ ಕೊರಳಿಗೆ ಹಾಕ್ತಾರೆ. ಮಲಗುವಾಗ ಅಧ್ಯಕ್ಷ, ಎದ್ದಾಗ ‘ನಿಕಟಪೂರ್ವ’. ಕೇಳಿದರೆ ಯಾವುದೋ ಕಾಯಿಲೆ ಹೆಸರಿನ ಹಾಗಿದೆ, ಅಲ್ವಾ?

ನಾನು: ಹಾಗಾದರೆ ವರ್ಷವಿಡೀ ಆಗುವುದಾದರೂ ಏನು?

ಕಾಲರ್: ವನಮಹೋತ್ಸವ. ಜೂನಿನಲ್ಲಿ ತೋಟದಲ್ಲಿ ಮರಗಸಿ ಮಾಡಿಸಿ ಕೊಂಬೆ ಕಡಿಸಿದ ಕೈಯೇ ಜುಲೈಯಲ್ಲಿ ಶಾಲೆಯ ಅಂಗಳದಲ್ಲಿ ಗಿಡ ನೆಡ್ತದೆ. ಸುತ್ತ ಕಾಡು, ಆಚೆ ತೋಟ, ನಡುವೆ ಒಂದು ತುಂಡು ಬಯಲು ಆಟದ ಮೈದಾನ. ಗಿಡ ನೆಡಲು ಹೊಳೆಯುವುದು ಆ ಮೈದಾನವೇ. ಮಕ್ಕಳು ಚೆಂಡು ಹೊಡೆದು ಗಿಡ ಮುರಿಯುತ್ತವೆ. ಮುಂದಿನ ವರ್ಷಕ್ಕೆ ಗುಂಡಿ ತಯಾರು.

ಮತ್ತೆ ಬಸ್ ತಂಗುದಾಣ. ಇದರ ಬಗ್ಗೆ ನನಗೆ ತಕರಾರಿದೆ, ಬರೆದುಕೊಳ್ಳಿ. ಕೊಡಗಿನ ಮಳೆ ಮೇಲಿಂದ ಬೀಳುವುದಿಲ್ಲ, ಪಕ್ಕದಿಂದ ಬರ್ತದೆ. ಮುಂದೆ ಪೂರ್ತಿ ತೆರೆದ ತಂಗುದಾಣದಲ್ಲಿ ನಿಂತ ಮುದುಕಿಯ ಸೀರೆ ಮೊಣಕಾಲಿನವರೆಗೆ ಒದ್ದೆ. ಒದ್ದೆಯಾಗದೆ ಉಳಿಯುವುದು ಸೂರಿನ ಕೆಳಗೆ ಭದ್ರವಾಗಿ ಕೂತ ಕಪ್ಪು ಕಲ್ಲಿನ ಫಲಕ ಮಾತ್ರ. ಅದರಲ್ಲಿ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ವಲಯದವರು, ಕೊನೆಗೆ ಜಾಗ ಉಳಿದರೆ ಊರಿನ ಹೆಸರು.

ನಾನು: ಮೂಲ ಉದ್ದೇಶ ಬೇರೆ ಇತ್ತಲ್ಲವೇ?

ಕಾಲರ್: 1905ರ ಫೆಬ್ರವರಿ 23. ಶಿಕಾಗೋದ ಒಂದು ಕಚೇರಿಯಲ್ಲಿ ನಾಲ್ಕು ಜನ. ಪಾಲ್ ಹ್ಯಾರಿಸ್ ವಕೀಲ. ಉಳಿದವರಲ್ಲಿ ಒಬ್ಬ ಗಣಿ ಎಂಜಿನಿಯರ್, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ದರ್ಜಿ. ಸರದಿ ಪ್ರಕಾರ ಒಬ್ಬೊಬ್ಬರ ಕಚೇರಿಯಲ್ಲಿ ಸೇರುವುದು ಅಂತಾಯ್ತು, ಹಾಗಾಗಿ ‘ರೋಟರಿ’. ಒಂದು ಕಸುಬಿಗೆ ಒಬ್ಬನೇ ಸದಸ್ಯ ಅನ್ನುವುದು ಆಗಿನ ನಿಯಮ. ಆ ನಿಯಮ ಕೊಡಗಿಗೆ ಬಂದಾಗ ಪೇಚಿಗೆ ಸಿಕ್ಕಿಕೊಂಡಿತು ನೋಡಿ. ಇಲ್ಲಿ ವಕೀಲನೂ ಬೆಳೆಗಾರ, ಡಾಕ್ಟರೂ ಬೆಳೆಗಾರ, ಬ್ಯಾಂಕಿನಿಂದ ನಿವೃತ್ತನಾದವನೂ ಬೆಳೆಗಾರ. ಕೊನೆಗೆ ಒಬ್ಬನನ್ನು ಕಾಫಿ ಅಂತ, ಇನ್ನೊಬ್ಬನನ್ನು ಕರಿಮೆಣಸು ಅಂತ, ಮೂರನೆಯವನನ್ನು ಏಲಕ್ಕಿ ಅಂತ ಬರೆದುಕೊಂಡರು. ಏಲಕ್ಕಿಯವನ ತೋಟದಲ್ಲಿ ಏಲಕ್ಕಿ ಇಲ್ಲ. ಈಗ ಹೋಂಸ್ಟೇ ಅಂತ ಹೊಸ ಕಸುಬು ಬಂದ ಮೇಲೆ ಉಸಿರಾಡುವ ಹಾಗಾಗಿದೆ.

ನಾನು: ರೋಟರಿ ಜಿಲ್ಲಾ ಗವರ್ನರ್ ಭೇಟಿ ಅಂದರೆ ಎಲ್ಲರಿಗೂ ಯಾಕೆ ಅಷ್ಟು ನಡುಕ?

ಕಾಲರ್: ಇತಿಹಾಸ ಗೊತ್ತಿಲ್ಲದವರು ನೀವು. ಬ್ರಿಟಿಷರ ಕಾಲದಲ್ಲಿ ಕೊಡಗಿಗೆ ಇದ್ದದ್ದು ಚೀಫ್ ಕಮಿಷನರ್. ಸ್ವಾತಂತ್ರ್ಯ ಬಂದು ‘ಸಿ’ ದರ್ಜೆಯ ರಾಜ್ಯವಾಗಿ, 1952ರಿಂದ 1956ರವರೆಗೆ ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದಾಗಲೂ ಮೇಲೆ ಕೂತದ್ದು ಚೀಫ್ ಕಮಿಷನರೇ. ಸ್ವಂತ ಗವರ್ನರೊಬ್ಬರನ್ನು ಈ ನಾಡು ಕಂಡದ್ದೇ ಇಲ್ಲ. ಆ ಕೊರತೆ ನಾವು ನೀಗಿಸಿದೆವು, ವರ್ಷಕ್ಕೊಬ್ಬರಂತೆ! ನಮ್ಮ ರೋಟರಿ ಜಿಲ್ಲೆ 3181. ಅದರಲ್ಲಿ ಮೈಸೂರು, ಚಾಮರಾಜನಗರ, ದಕ್ಷಿಣ ಕನ್ನಡ ಎಲ್ಲ ಸೇರಿದೆ. ನವೆಂಬರ್ 1, 1956ರಂದು ಕೊಡಗನ್ನು ಮೈಸೂರು ರಾಜ್ಯಕ್ಕೆ ಸೇರಿಸಿದ್ದನ್ನು ಇನ್ನೂ ಅರಗಿಸಿಕೊಳ್ಳದ ಹಿರಿಯರು ಇಲ್ಲುಂಟು. ಅಂಥವರೂ ರೋಟರಿ ಸಭೆಗೆ ಅಂತ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗಿ ಬರ್ತಾರೆ. ಹೋಗಿ ಬಂದು, ಮೀನು ಚೆನ್ನಾಗಿತ್ತು ಅಂತಾರೆ.

ಭೇಟಿಯ ಹಿಂದಿನ ವಾರ ತಂಗುದಾಣಕ್ಕೆ ಸುಣ್ಣ, ಫಲಕಕ್ಕೆ ಎಣ್ಣೆ, ಕಡತಕ್ಕೆ ಫೋಟೋ. ಒಂದೇ ರಕ್ತದಾನ ಶಿಬಿರವನ್ನು ಮೂರು ಕಡೆಯಿಂದ ತೆಗೆದರೆ ಮೂರು ಶಿಬಿರ.

ನಾನು: ಸಭೆಯ ಶಿಸ್ತಿಗೆ ಯಾರು ಹೊಣೆ?

ಕಾಲರ್: ದಂಡಪಾಣಿ. ಇಂಗ್ಲಿಷಿನಲ್ಲಿ ಸಾರ್ಜೆಂಟ್ ಅಟ್ ಆರ್ಮ್ಸ್. ನಮ್ಮದು ಕಾರ್ಯಪ್ಪ, ತಿಮ್ಮಯ್ಯ ಅವರ ನಾಡು, ಸೈನ್ಯದವರಿಗೆ ಬರ ಉಂಟಾ? ಒಬ್ಬ ನಿವೃತ್ತ ಸುಬೇದಾರರನ್ನು ಹಿಡಿದು ಈ ಹುದ್ದೆ ಕೊಟ್ಟರು. ಅವರು ಆದೇಶ ಓದಿ ಸುಮ್ಮನೆ ನಿಂತರು. ಆಮೇಲೆ ಕೇಳಿದರು: "ನನ್ನನ್ನು ಸುಬೇದಾರ್‌ನಿಂದ ಸಾರ್ಜೆಂಟ್ ಮಾಡಿದ್ದೀರಲ್ಲ, ನಾನು ಮಾಡಿದ ತಪ್ಪೇನು?" ಆದರೂ ಒಪ್ಪಿಕೊಂಡರು. ಆ ವರ್ಷ ತಡವಾಗಿ ಬಂದವರಿಂದ, ಕೋಟಿಗೆ ಪಿನ್ನು ಚುಚ್ಚಿಕೊಳ್ಳದವರಿಂದ ವಸೂಲಾದ ದಂಡ ದೇಣಿಗೆಗಿಂತ ಜಾಸ್ತಿ.

ನಾನು: ಸಭೆ ಅಂದರೆ ನಾಲ್ಕು ಪ್ರಶ್ನೆಗಳ ಪರೀಕ್ಷೆ ಹೇಳಿಸುತ್ತೀರಿ. ಸತ್ಯವೇ, ನ್ಯಾಯವೇ ಎಂದು.

ಕಾಲರ್: ಅದನ್ನು ಬರೆದದ್ದು ಸಂತರಲ್ಲ ಮಾರಾಯ್ರೆ, ವ್ಯಾಪಾರಿ. ಹರ್ಬರ್ಟ್ ಟೇಲರ್. 1932ರಲ್ಲಿ ದಿವಾಳಿ ಅಂಚಿಗೆ ಬಂದ ಅಲ್ಯೂಮಿನಿಯಂ ಪಾತ್ರೆ ಕಂಪನಿಯೊಂದನ್ನು ಎತ್ತಿ ನಿಲ್ಲಿಸಲು ಬರೆದದ್ದು. ಪಾತ್ರೆಯೂ ಉಳಿಯಿತು, ಪರೀಕ್ಷೆಯೂ ಉಳಿಯಿತು. ನಮ್ಮಲ್ಲಿ ಎಲ್ಲರೂ ಎದ್ದು ನಿಂತು ಒಕ್ಕೊರಲಿನಿಂದ ಹೇಳ್ತಾರೆ. ಕೂತ ಮೇಲೆ ಪಕ್ಕದವರು ಕೇಳ್ತಾರೆ, "ನಿಮ್ಮಲ್ಲಿ ಮಳೆ ಎಷ್ಟು?" "ಇವತ್ತಿಗೆ 62 ಇಂಚು." ಬೇಲಿಯಾಚೆ ತೋಟದವರದು 48. ನಡುವೆ ಒಂದು ಬೇಲಿ. ಇನ್ನು ಕಾಫಿ ವ್ಯಾಪಾರಿ ಸದಸ್ಯರೂ ಬೆಳೆಗಾರ ಸದಸ್ಯರೂ ಎದುರುಬದುರು ಕೂತು ಔಟ್‌ಟರ್ನ್ ಮಾತಾಡುವಾಗ ನಾನು ಕಣ್ಣು ಮುಚ್ಚಿಕೊಳ್ತೇನೆ. 50 ಕೆ.ಜಿ. ಚೆರಿ ಮೂಟೆಯಿಂದ ಬೇಳೆ 28 ಕೆ.ಜಿ. ಬರ್ತದೆ ಅಂತ ಬೆಳೆಗಾರರು, 25 ದಾಟುವುದಿಲ್ಲ ಅಂತ ವ್ಯಾಪಾರಿ. ಇಬ್ಬರೂ ಈಗಷ್ಟೇ ಸತ್ಯದ ಬಗ್ಗೆ ಎದ್ದು ನಿಂತವರು.

ನಾನು: ಲಯನ್ಸ್‌ನವರ ಬಗ್ಗೆ?

ಕಾಲರ್: ಅವರ ಕಾಲರ್ ಆಚೆ ಬೀದಿಯಲ್ಲಿದೆ, ಸಿಕ್ಕಿದಾಗ ಮಾತಾಡ್ತೇವೆ. ಅವರದು ಜಿಲ್ಲೆ 317ಡಿ. ಶುರುವಾದದ್ದು ಅದೇ ಶಿಕಾಗೋದಲ್ಲಿ, 1917ರಲ್ಲಿ. ಅವರಲ್ಲಿ ಸಿಂಹ ಪಳಗಿಸುವವರು ಅಂತ ಒಬ್ಬರು, ಬಾಲ ತಿರುಚುವವರು ಅಂತ ಒಬ್ಬರು. ಅಧಿಕೃತ ಹುದ್ದೆಗಳೇ ಇವು! ನಾಗರಹೊಳೆ ಅಂಚಿನಲ್ಲಿ ಹುಲಿ ಬಂದು ಹಸು ಹಿಡಿಯುತ್ತದೆ, ಸಿದ್ದಾಪುರದ ಕಡೆ ಆನೆ ಬಂದು ಹಲಸು ಕೆಡವುತ್ತದೆ. ಅಲ್ಲಿಗೆ ಕಳಿಸಲು ಇವರಲ್ಲಿ ಒಬ್ಬರನ್ನು ಕೊಡಿ ಅಂತ ಅರಣ್ಯ ಇಲಾಖೆಯವರು ಇನ್ನೂ ಕೇಳಿಲ್ಲ. ಆದರೆ ಕಣ್ಣಿನ ಕೆಲಸದಲ್ಲಿ ಅವರಿಗೆ ಕೈಮುಗಿಯಬೇಕು. 1925ರಲ್ಲಿ ಹೆಲೆನ್ ಕೆಲರ್ ಬಂದು ಕೇಳಿಕೊಂಡರು ಅಂತ ಹಿಡಿದದ್ದನ್ನು ಇವತ್ತಿಗೂ ಬಿಟ್ಟಿಲ್ಲ. ಜೇಸಿಯವರಿಗೆ 40 ದಾಟಿದರೆ ಜಾಗ ಇಲ್ಲ. ದಾಟಿದವರು ನಮ್ಮಲ್ಲಿಗೆ ಬರ್ತಾರೆ, ಮೈಕ್ ಹಿಡಿಯಲು ಕಲಿತೇ ಬಂದಿರ್ತಾರೆ. ಬಿಡಿಸುವುದೇ ಕಷ್ಟ.

ನಾನು: ಹೆಂಗಸರಿಗೆ ಬಹಳ ಕಾಲ ಬಾಗಿಲು ಹಾಕಿದ್ದಿರಿ.

ಕಾಲರ್: 1989ರವರೆಗೆ. ಅಮೆರಿಕದ ಸುಪ್ರೀಂ ಕೋರ್ಟು 1987ರಲ್ಲಿ ಕಿವಿ ಹಿಂಡಿದ ಮೇಲೆ ತೆರೆದೆವು. ಅಷ್ಟು ವರ್ಷ ಹೆಂಡಂದಿರಿಗೆ ‘ಇನ್ನರ್ ವೀಲ್’ ಅಂತ ಬೇರೆಯೇ ಸಂಸ್ಥೆ. ನಾವು ಚಕ್ರ, ಅವರು ಒಳಚಕ್ರ. ತಿರುಗಿಸುವವರು ಯಾರು ಅಂತ ಮನೆಮನೆಗೂ ಗೊತ್ತಿತ್ತು. ನನ್ನನ್ನು ಮೊದಲು ಧರಿಸಿದ ಅಕ್ಕ ಕೊಡವ ಸೀರೆ ಉಟ್ಟಿದ್ದರು. ಬಲಹೆಗಲ ಬ್ರೂಚಿಗೆ ನನ್ನ ಮೂರನೇ ಬಿಲ್ಲೆ ಸಿಕ್ಕಿಕೊಂಡಿತು. ಬಿಡಿಸಲು ಹೋದ ನಿಕಟಪೂರ್ವರ ಕೈ ನಡುಗಿ, "ಇರಲಿ ಬಿಡಿ, ಹೀಗೇ ಕೂರ್ತೇನೆ" ಅಂದರು ಅಕ್ಕ. ಆ ವರ್ಷ ಸಭೆಗಳು ಹೊತ್ತಿಗೆ ಸರಿಯಾಗಿ ಮುಗಿದವು. ಅದೇ ಅವರ ಮೇಲೆ ದೂರು. ಮುಗಿದರೆ ಮನೆಗೆ ಹೋಗಬೇಕಲ್ಲ.

ನಾನು: ಹೆಮ್ಮೆಪಡುವಂಥದ್ದು ಒಂದೂ ಇಲ್ಲವೇ?

ಕಾಲರ್: ಪೋಲಿಯೊ. ಇಲ್ಲಿ ತಮಾಷೆ ಮಾಡುವುದಿಲ್ಲ. 1985ರಲ್ಲಿ ರೋಟರಿ ಕೈ ಹಾಕಿತು, ಲೋಕದ ತುಂಬ ದುಡ್ಡೆತ್ತಿತು. ನಮ್ಮ ದೇಶದಲ್ಲಿ ಕೊನೆಯ ಪ್ರಕರಣ 2011ರ ಜನವರಿ 13, ಹೌರಾದಲ್ಲಿ. 2014ರ ಮಾರ್ಚ್ 27ಕ್ಕೆ ಮುಕ್ತ ಅಂತ ಪ್ರಮಾಣಪತ್ರ ಬಂತು. ಇಷ್ಟು ಹೇಳಿದ ಮೇಲೆ ಇನ್ನೂ ಒಂದು ಹೇಳಬೇಕು. ಪಲ್ಸ್ ಪೋಲಿಯೊ ಭಾನುವಾರ ನಾನು ಬಸ್‌ಸ್ಟ್ಯಾಂಡಿನಲ್ಲಿ ಉದ್ಘಾಟನೆಗೆ ಹೋಗ್ತಿದ್ದೆ. ಒಂದು ಮಗು, ಎರಡು ಹನಿ, ಹದಿನೈದು ಜನ, ಒಂದು ಫೋಟೋ. ಮರುದಿನ ‘ಶಕ್ತಿ’ ಪತ್ರಿಕೆಯಲ್ಲಿ ನನ್ನ ಚಕ್ರ ಮಗುವಿನ ಮುಖಕ್ಕಿಂತ ಸ್ಪಷ್ಟ. ಆ ಹೊತ್ತಿಗೆ ಅಂಗನವಾಡಿ ಅಕ್ಕ ನೀಲಿ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು, ಜಿಗಣೆ ಕಿತ್ತೆಸೆಯುತ್ತಾ, ತೋಟದೊಳಗಿನ ಕಾರ್ಮಿಕರ ಲೈನ್‌ಮನೆಗೆ ನಡೀತಿದ್ದಳು. ಅವಳಿಗೆ ನಾವು ಕೊಟ್ಟದ್ದು ಒಂದು ಟೋಪಿ, ಒಂದು ಊಟದ ಪೊಟ್ಟಣ. ಟೋಪಿಯ ಮೇಲೂ ನನ್ನ ಚಕ್ರ.

ನಾನು: ನಿಮ್ಮ ಬಿಲ್ಲೆಗಳನ್ನು ಎಣಿಸುತ್ತಿದ್ದೆ. ಇಲ್ಲೊಂದು ಖಾಲಿ ಇದೆ. ಹಿಂದೆಯೂ ಹೆಸರು, ಮುಂದೆಯೂ ಹೆಸರು.

ಕಾಲರ್: ಮನೆಹೆಸರು ಉದ್ದ ಇತ್ತು, ಒಂದು ಇಂಚಿನಲ್ಲಿ ಹಿಡಿಸಲಿಲ್ಲ ಅಂತ ಬರೆದುಕೊಳ್ಳಿ.

ನಾನು: ನಿಜ ಹೇಳಿ. ನಾಲ್ಕು ಪ್ರಶ್ನೆಗಳಲ್ಲಿ ಮೊದಲನೆಯದು ಅದೇ ಅಲ್ಲವೇ?

ಕಾಲರ್: (ಸ್ವಲ್ಪ ಹೊತ್ತು ಸುಮ್ಮನಿದ್ದು) ಅದು 2018-19. ಆ ಆಗಸ್ಟಿನ ಬಗ್ಗೆ ನನ್ನನ್ನು ಕೇಳಬೇಡಿ, ನಾನು ಅಲ್ಲಿರಲಿಲ್ಲ. ಬೀರಿನೊಳಗಿದ್ದೆ. ಕರೆಂಟು ಹೋಗಿ ಬಲ್ಬು ಆರಿತ್ತು, ನನ್ನ ಪಟ್ಟಿಗೆ ಬೆರಳುದ್ದ ಬೂಷ್ಟು ಬಂದಿತ್ತು. ಕೆಳಗೆ ನೋಡಿ, ಆ ಗಮ್‌ಬೂಟು, ಗೊತ್ತಿರುವುದು ಅದಕ್ಕೆ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಕಡೆ ಗುಡ್ಡ ಜಾರಿದ ಮೇಲೆ ಅದು ಹದಿನೈದು ದಿನ ಮನೆಗೆ ಬರಲಿಲ್ಲ. ಜೋಡುಪಾಲದಲ್ಲಿ ರಸ್ತೆಯೇ ಹೋಗಿ ಮಂಗಳೂರಿನ ದಾರಿ ಕಡಿದಿತ್ತು. ಕ್ಲಬ್ಬಿನ ಹಾಲ್ ತುಂಬ ಅಕ್ಕಿ, ಚಾಪೆ, ಹಾಲಿನ ಪುಡಿ. ಎಲ್ಲೆಲ್ಲಿಂದಲೋ ಬಂದ ಹಳೇ ಬಟ್ಟೆಯ ಗುಡ್ಡೆ ಬೇರೆ. ಮನೆ ಮಣ್ಣುಪಾಲಾದವರಿಗೆ ಯಾರೋ ಜರಿಯ ಶೇರ್ವಾನಿ ಕಳಿಸಿದ್ದರಂತೆ. ಅಧ್ಯಕ್ಷರು ಒಂದು ಮೂಲೆಯಲ್ಲಿ ಕೂತು ಒಳ ಉಡುಪು, ಸ್ಯಾನಿಟರಿ ಪ್ಯಾಡು ಎಷ್ಟು ಬೇಕು ಅಂತ ಶಿಬಿರವಾರು ಪಟ್ಟಿ ಬರೀತಿದ್ದರಂತೆ. ಅವನ್ನು ಯಾರೂ ಕಳಿಸಿರಲಿಲ್ಲ. ಲಯನ್ಸಿನ ಪಿಕಪ್ಪಿಗೆ ನಮ್ಮ ಡೀಸೆಲ್, ನಮ್ಮ ಅಕ್ಕಿಗೆ ಜೇಸಿ ಹುಡುಗರ ಹೆಗಲು. ಬ್ಯಾನರ್ ಇತ್ತಾ ಅಂತ ಗಮ್‌ಬೂಟನ್ನು ಕೇಳಿದೆ. ಇತ್ತಂತೆ, ಮಳೆ ನೀರು ಒಳಗೆ ಬರದ ಹಾಗೆ ಕಿಟಕಿಗೆ ಕಟ್ಟಿದ್ದರಂತೆ. ಆಮೇಲೆ ಮಾದಾಪುರದ ಹತ್ತಿರ ಇಗ್ಗೋಡ್ಲುವಿನಲ್ಲಿ ರೋಟರಿ ಜಿಲ್ಲೆಯವರು ಹ್ಯಾಬಿಟೇಟ್ ಸಂಸ್ಥೆ ಜೊತೆ ಸೇರಿ ಮನೆಗಳನ್ನೂ ಕಟ್ಟಿಸಿದರು, ಅದಕ್ಕೆ ಫಲಕ ಉಂಟು.

ನಾನು: ಮತ್ತೆ ಬಿಲ್ಲೆ?

ಕಾಲರ್: ತ್ಯಾಗ ಗೀಗ ಅಂತ ಬರೆಯಬೇಡಿ. ಕೆತ್ತಿಸುವ ದುಡ್ಡು ಡೀಸೆಲ್ಲಿಗೆ ಹೋಯ್ತು. ಮುಂದಿನವರು ಮರೆತರು. ಅದರ ಮುಂದಿನವರು ಹಿಂದಿನವರ ಕೆಲಸ ಅಂದರು. ನನ್ನ ಹೆಸರು ಯಾಕೆ ಹಾಕಿಲ್ಲ ಅಂತ ಕೇಳದ ಅಧ್ಯಕ್ಷರನ್ನು ನಾನು ಕಂಡದ್ದು ಅವರೊಬ್ಬರನ್ನೇ, ಹಾಗಾಗಿ ಉಳಿದುಹೋಯ್ತು. ನಾಡಿದ್ದು ಬರುವ ಹೊಸಬರು ಮೊನ್ನೆ ನನ್ನನ್ನು ಕನ್ನಡಿ ಮುಂದೆ ಹಾಕಿಕೊಂಡು ನೋಡಿದರು. ಕೊನೆಯಲ್ಲಿ ಬಿಲ್ಲೆ ಹೊಲಿಯಲು ಜಾಗ ಇಲ್ಲ, ಪಟ್ಟಿ ಉದ್ದ ಮಾಡಿದರೆ ಚಕ್ರ ಹೊಟ್ಟೆಗೆ ಬರ್ತದೆ. "ಇಲ್ಲೊಂದು ಖಾಲಿ ಇದೆಯಲ್ಲ, ನನ್ನದು ಇಲ್ಲೇ ಕೆತ್ತಿಸಿ" ಅಂತ ಕಾರ್ಯದರ್ಶಿಗೆ ಹೇಳಿ ಹೋಗಿದ್ದಾರೆ.

ನಾನು: ಕಾರ್ಯದರ್ಶಿ ಏನಂದರು?

ಕಾಲರ್: ಕೆತ್ತುವವನ ಅಂಗಡಿ ಕುಶಾಲನಗರದಲ್ಲಿ, ಈ ಮಳೆಗೆ ಯಾರು ಹೋಗ್ತಾರೆ, ಆಮೇಲೆ ನೋಡೋಣ ಅಂದರು. ಏಳು ವರ್ಷದಿಂದ ಅವರೇ ಕಾರ್ಯದರ್ಶಿ. ಆ ಗಮ್‌ಬೂಟು ಅವರದೇ. ಮೆಟ್ಟಿಲಲ್ಲಿ ಶಬ್ದ ಆಯ್ತಾ? ಬಂದರು ಅನ್ನಿಸ್ತದೆ. ನೀವು ಹೊರಡಿ. ಬೀರಿನ ಬಾಗಿಲು ಪೂರ್ತಿ ಹಾಕಿ, ಬಲ್ಬು ಮಾತ್ರ ಆರಿಸಬೇಡಿ, ಮಾರಾಯ್ರೆ.