ಕಾಚಂಪುಳಿಗೊಂದು ರೀಲ್ಸ್

ಕೊಡಗಿನವರಿಗೆ ಬೆಳೆಯಲು ಬರುತ್ತದೆ, ಬಂದವರಿಗೆ ಉಣಬಡಿಸಲು ಬರುತ್ತದೆ, ಮಾರಲು ಮಾತ್ರ ಬರುವುದಿಲ್ಲ ಎಂಬ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ಹೇಳುವವರು ಸಾಮಾನ್ಯವಾಗಿ ಕೊಡಗಿನವರೇ. ಹೇಳುವಾಗ ದನಿಯಲ್ಲಿ ದುಃಖಕ್ಕಿಂತ ಹೆಮ್ಮೆ ಹೆಚ್ಚು. ಇದಕ್ಕೊಂದು ಚರಿತ್ರೆಯೂ ಇದೆಯೆನ್ನಿ. 1942ರ ಕಾಫಿ ಕಾಯ್ದೆ ಬಂದ ಮೇಲೆ, ಮನೆ ಬಳಕೆಗೂ ಬಿತ್ತನೆಗೂ ಬಿಟ್ಟಷ್ಟನ್ನು ಇಟ್ಟುಕೊಂಡು ಉಳಿದ ಕಾಫಿಯನ್ನೆಲ್ಲ ಬೆಳೆಗಾರ ಕಾಫಿ ಮಂಡಳಿಯ ಪೂಲಿಗೆ ಹಾಕಬೇಕಿತ್ತು. ಹರಾಜು ಮಂಡಳಿಯದು, ಗಿರಾಕಿ ಹುಡುಕುವ ತಲೆನೋವೂ ಮಂಡಳಿಯದೇ. ಹಣ ಕಂತು ಕಂತಾಗಿ ಬರುತ್ತಿತ್ತು. 1992ರಿಂದ ಹಂತಹಂತವಾಗಿ ಕಟ್ಟು ಸಡಿಲಿಸಿ 1996ರ ಹೊತ್ತಿಗೆ ಪೂರ್ತಿ ಬಿಟ್ಟುಕೊಟ್ಟರು. ಅರ್ಧ ಶತಮಾನ ಗಿರಾಕಿಯ ಮುಖವನ್ನೇ ನೋಡದೆ ಬದುಕಿದ ಜಿಲ್ಲೆಗೆ ಈಗ ಕ್ಯಾಮೆರಾ ಮುಂದೆ ನಿಂತು ನಗು ಎಂದರೆ ಹೇಗೆ ನಕ್ಕೀತು?

ನಮ್ಮ ಅತ್ತಿಗೆಗೆ ಇತ್ತೀಚೆಗೆ ಇಂಥ ಸಂದಿಗ್ಧ ಒದಗಿತ್ತು. ಅವರದು ಸಣ್ಣ ವ್ಯಾಪಾರ. ಕಾಫಿಪುಡಿ, ಕರಿಮೆಣಸು, ಕಡಂಬುಟ್ಟು ಎಂಬ ಕಡುಬಿಗೆ ಅಕ್ಕಿತರಿ, ಎಲ್ಲಕ್ಕಿಂತ ಮುಖ್ಯವಾಗಿ ಕಾಚಂಪುಳಿ. ಕೊಡಗಿನ ಹೊರಗಿನವರಿಗಾಗಿ ಹೇಳುತ್ತೇನೆ: ಮಳೆಗಾಲದಲ್ಲಿ ಹಣ್ಣಾಗಿ ಬೀಳುವ ಒಂದು ಬಗೆಯ ಪುಳಿಯನ್ನು ಆಯ್ದು, ಬುಟ್ಟಿಯಲ್ಲಿ ಹಾಕಿ, ಕೊಳೆತು ಇಳಿಯುವ ರಸವನ್ನು ಹಿಡಿದು, ಒಲೆಯ ಮೇಲೆ ಗಂಟೆಗಟ್ಟಲೆ ಕುದಿಸಿ ಕಪ್ಪಗೆ ಮಂದವಾಗಿಸಿದರೆ ಕಾಚಂಪುಳಿ. ಒಂದು ಕಿಲೋ ಪಂದಿ ಮಾಂಸಕ್ಕೆ ಒಂದೆರಡು ಚಮಚ ಸಾಕು. ಕೆಡುವುದೂ ಇಲ್ಲ. ಆದ್ದರಿಂದ ಈ ವರ್ಷ ಒಂದು ಸೀಸೆ ಕೊಂಡವರು ಮತ್ತೆ ಬರುವುದು ಮುಂದಿನ ವರ್ಷವೋ ಅದರಾಚೆಯೋ. ವ್ಯಾಪಾರಶಾಸ್ತ್ರದ ಪ್ರಕಾರ ಇಂಥ ಸರಕನ್ನು ಯಾರೂ ಮುಟ್ಟಬಾರದು.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಣ್ಣನ ಮಗ, ಅಮ್ಮನ ವ್ಯಾಪಾರ ಬೆಳೆಯಲಿ ಎಂಬ ಪ್ರೀತಿಯಿಂದ, ಸೋಷಿಯಲ್ ಮೀಡಿಯಾ ನೋಡಿಕೊಳ್ಳುವ ಒಂದು ಏಜೆನ್ಸಿಯ ಹುಡುಗನನ್ನು ಮನೆಗೆ ಕಳಿಸಿದ. ಹುಡುಗ ಸಭ್ಯ. ಕೊಟ್ಟ ಅಕ್ಕಿ ಒಟ್ಟಿಯನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದ. ಆಮೇಲೆ ಲ್ಯಾಪ್‌ಟಾಪ್ ತೆರೆದ. ತಿಂಗಳಿಗೆ ಹನ್ನೆರಡು ಪೋಸ್ಟ್, ಎಂಟು ರೀಲ್ಸ್, ಇಪ್ಪತ್ತೈದು ಸಾವಿರ ರೂಪಾಯಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ, ಆರು ತಿಂಗಳ ಒಪ್ಪಂದ.

“ಮೇಡಂ, ನಿಮ್ಮ ಬ್ರ್ಯಾಂಡ್ ಸ್ಟೋರಿ ಏನು?”

“ಮಾವನವರಿಗೆ ಶುಗರ್ ಬಂತು. ಔಷಧಿ ಖರ್ಚಿಗೆ ಬೇಕಿತ್ತು, ಶುರು ಮಾಡಿದೆ.”

“ಟಾರ್ಗೆಟ್ ಆಡಿಯನ್ಸ್?”

“ಪಂದಿ ಕರಿ ಮಾಡುವವರು.”

ಹುಡುಗ ಎದೆಗುಂದಲಿಲ್ಲ. ಮಾದರಿಗೆಂದು ಮಾಡಿ ತಂದ ಪೋಸ್ಟ್ ತೋರಿಸಿದ. ಹಿಂದೆ ಮಂಜು ಮುಸುಕಿದ ಬೆಟ್ಟ, ಮೇಲೆ ‘ಭಾರತದ ಸ್ಕಾಟ್ಲೆಂಡ್‌ನಿಂದ’ ಎಂಬ ಸಾಲು, ನಡುವೆ ಒಂದು ಸೀಸೆ, ಪಕ್ಕದಲ್ಲಿ ಒಂದು ಗೊಂಚಲು ಹುಣಸೆಹಣ್ಣು. ಪುಳಿ ಅಂದರೆ ಹುಣಸೆ ಅಂದುಕೊಂಡಿದ್ದ, ಪಾಪ. ಅದನ್ನು ತಿದ್ದಬಹುದಿತ್ತು. ಕೆಳಗಿನ ಸಾಲಿಗೆ ಬಂದಾಗ ಅತ್ತಿಗೆ ಕನ್ನಡಕ ಹಾಕಿಕೊಂಡರು. ದಿನಕ್ಕೊಂದು ಚಮಚ ಕುಡಿಯಿರಿ, ತೂಕ ಇಳಿಸಿ ಎಂದಿತ್ತು.

ಇದು ಹುಡುಗನ ತಲೆಯಲ್ಲೇ ಹುಟ್ಟಿದ್ದಲ್ಲ. ಈ ಪುಳಿಗೆ ಸಸ್ಯಶಾಸ್ತ್ರದಲ್ಲಿ ಗಾರ್ಸಿನಿಯಾ ಎಂಬ ಹೆಸರು. ಅದೇ ಹೆಸರಿನಲ್ಲಿ ಅಮೆರಿಕದಲ್ಲಿ ತೂಕ ಇಳಿಸುವ ಮಾತ್ರೆಗಳು ಭರ್ಜರಿಯಾಗಿ ಮಾರಾಟವಾದವು. ಮಾತ್ರೆಗಳ ಮಾತು ಅವರಿಗಿರಲಿ. ನಮ್ಮಲ್ಲಿ ಕಾಚಂಪುಳಿಯನ್ನು ಯಾವುದರ ಜೊತೆ ತಿನ್ನುತ್ತೇವೆ ಎಂದು ನೋಡಿದರೆ, ಅದರಿಂದ ತೂಕ ಇಳಿದ ಒಬ್ಬ ಮನುಷ್ಯನನ್ನೂ ಈ ಜಿಲ್ಲೆಯಲ್ಲಿ ತೋರಿಸಲಾಗದು. ಅತ್ತಿಗೆ ಕೇಳಿದ್ದು ಒಂದೇ ಪ್ರಶ್ನೆ: “ಕುಡಿದು ಯಾರಿಗಾದರೂ ಹೊಟ್ಟೆ ಕೆಟ್ಟರೆ ಯಾರನ್ನು ಕೇಳ್ತಾರಪ್ಪಾ, ನಿನ್ನನ್ನಾ, ನನ್ನನ್ನಾ?” ಸೀಸೆಯ ಚೀಟಿಯ ಮೇಲಿರುವುದು ಅವರ ವಿಳಾಸ, ಅವರ ಎಫ್‌ಎಸ್‌ಎಸ್‌ಎಐ ನಂಬರು. ಏಜೆನ್ಸಿಯ ಹೆಸರು ಅದರಲ್ಲಿ ಎಲ್ಲೂ ಇರುವುದಿಲ್ಲ.

ಹುಡುಗ ಹೋದ ಮೇಲೆ ಮನೆಯಲ್ಲಿ ಚರ್ಚೆ ನಡೆಯಿತು. ನಾಲ್ಕು ಜನಕ್ಕೆ ಹೆಸರು ಗೊತ್ತಾಗಬೇಡವೇ ಎಂದು ಅಣ್ಣ. ನನಗೆ ಅಲ್ಲೇ ಅನುಮಾನ. ಕೊಡಗಿಗೆ ಹೆಸರಿನ ಬರ ಯಾವತ್ತೂ ಇರಲಿಲ್ಲ, ಇದ್ದದ್ದು ಸರಕಿನ ಬರ. ವಿರಾಜಪೇಟೆಯಲ್ಲಿ ಜೇನು ಕೃಷಿಕರು 1936ರಲ್ಲೇ ಸಹಕಾರ ಸಂಘ ಕಟ್ಟಿಕೊಂಡರು. ಕೊಡಗಿನ ಜೇನಿಗೆ ನಾಡಿನಾಚೆಯೂ ಹೆಸರು ಬಂತು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ಪೆಟ್ಟಿಗೆ ಪೆಟ್ಟಿಗೆ ನೊಣ ಖಾಲಿಯಾದವು. ನೊಣ ಹೋದರೂ ಹೆಸರು ಹೋಗಲಿಲ್ಲ. ಈಗಲೂ ಕುಶಾಲನಗರ ದಾಟಿ ಮಡಿಕೇರಿ ತಲುಪುವಷ್ಟರಲ್ಲಿ ಎಷ್ಟು ಅಂಗಡಿಗಳಲ್ಲಿ ‘ಕೂರ್ಗ್ ಹನಿ’ ಬೋರ್ಡು ನೋಡುತ್ತೀರೆಂದರೆ, ಅಷ್ಟೂ ಜೇನು ಇಲ್ಲಿಯದೇ ಆಗಿದ್ದರೆ ನಾವು ನಡೆದಾಡುವಾಗ ನೊಣಗಳಿಗೆ ದಾರಿ ಬಿಡಬೇಕಾಗುತ್ತಿತ್ತು. ಕಿತ್ತಳೆಯದೂ ಅದೇ ಪಾಡು. ಕೂರ್ಗ್ ಕಿತ್ತಳೆಗೆ 2006ರಲ್ಲಿ ಭೌಗೋಳಿಕ ಗುರುತಿನ ಗೌರವ ಸಿಗುವ ಹೊತ್ತಿಗೆ ರೋಗ ಬಡಿದು ತೋಟಗಳಲ್ಲಿ ಮರಗಳೇ ಎಷ್ಟೋ ಕಡಿಮೆಯಾಗಿದ್ದವು. ಹೆಸರು ಕೇಳಿ ಬಂದವರನ್ನು ಬರಿಗೈಲಿ ಕಳಿಸಲಾಗದೆ ಎಲ್ಲಿಂದಲೋ ತಂದ ಹಣ್ಣು ರಸ್ತೆ ಬದಿಯಲ್ಲಿ ಕೊಡಗಿನದಾಗುತ್ತದೆ.

ಹಾಗಾಗಿ ನಾನು ಅತ್ತಿಗೆಯನ್ನು ಕೇಳಿದೆ, “ಹೋದ ವರ್ಷದ ಸರಕು ಉಳಿದಿದೆಯಾ ಅತ್ತಿಗೆ?” ಡಿಸೆಂಬರಿಗೇ ಮುಗಿದಿತ್ತಂತೆ. ಹಾಗಾದರೆ ರೀಲ್ಸ್ ನೋಡಿ ಸಾವಿರ ಜನ ಕೇಳಿದರೆ ಕೊಡುವುದೇನು? ಮರ ಇರುವಷ್ಟೇ, ಹಣ್ಣು ಮಳೆ ಕೊಟ್ಟಷ್ಟೇ. ಉಳಿಯುವ ದಾರಿ ಎರಡು: ನೀರು ಬೆರೆಸುವುದು, ಇಲ್ಲವೇ ಇಲ್ಲ ಎನ್ನುವುದು. ಇಲ್ಲ ಎಂದು ಹೇಳುವುದಕ್ಕೆ ತಿಂಗಳಿಗೆ ಇಪ್ಪತ್ತೈದು ಸಾವಿರ ಹೆಚ್ಚಾಯಿತು.

ಹೋಂಸ್ಟೇ ಇಟ್ಟವರ ಲೆಕ್ಕ ಬೇರೆ, ಒಪ್ಪುತ್ತೇನೆ. ಇಂದು ಖಾಲಿ ಉಳಿದ ಕೋಣೆಯನ್ನು ನಾಳೆ ಮಾರಲಾಗದು. ನಮ್ಮ ಪಕ್ಕದ ಮನೆಯವರು ಫೋಟೊ ಹಾಕಲು ಒಬ್ಬರನ್ನು ಇಟ್ಟುಕೊಂಡಿದ್ದಾರೆ, ಅದರಿಂದ ಲಾಭವೂ ಆಗಿದೆ. ಅವರಿಗೆ ತಲೆಬಿಸಿ ಮಾಡುವವರು ‘ನನಗೆ ಇಷ್ಟು ಸಾವಿರ ಫಾಲೋವರ್ಸ್, ಎರಡು ರಾತ್ರಿ ಪುಕ್ಕಟೆ ಕೊಡಿ’ ಎಂದು ಬರೆಯುವವರು. ಪುಕ್ಕಟೆ ಪಡೆದು ಹೊಗಳಿದರೆ ಅದು ಜಾಹೀರಾತು ಎಂದು ನೋಡುಗರಿಗೆ ತಿಳಿಸಬೇಕೆಂದು ಜಾಹೀರಾತು ಮಾನಕ ಮಂಡಳಿ 2021ರಲ್ಲೇ ಮಾರ್ಗಸೂಚಿ ಮಾಡಿದೆ. ಇದನ್ನು ನೆನಪಿಸಿದರೆ ಅರ್ಧದಷ್ಟು ಜನ ಉತ್ತರ ಕೊಡುವುದಿಲ್ಲವಂತೆ. ಆದರೆ 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು, ಆ ಚಿತ್ರಗಳು ಫೋನಿಂದ ಫೋನಿಗೆ ಹರಿದು, ಮಳೆ ನಿಂತ ಮೇಲೂ ಪ್ರವಾಸಿಗರು ಇತ್ತ ಬರಲು ಹೆದರುತ್ತಿದ್ದಾಗ ಅವರ ಕೋಣೆ ತುಂಬಿದ್ದು ಪೋಸ್ಟುಗಳಿಂದಲ್ಲ. ಹಳೆಯ ಅತಿಥಿಗಳ ನಂಬರು ಬರೆದಿಟ್ಟಿದ್ದ ಪುಸ್ತಕ ತೆಗೆದು ಒಬ್ಬೊಬ್ಬರಿಗೂ ಅವರೇ ಫೋನ್ ಮಾಡಿದರು. ಆ ಕೆಲಸಕ್ಕೆ ಆಳು ಇಡಲು ಬರುವುದಿಲ್ಲ.

ಕೊನೆಗೆ ತೀರ್ಮಾನವಾದದ್ದು ಹೀಗೆ. ಕೆಳಗಿನ ಮನೆಯ ಹುಡುಗಿ ಮಡಿಕೇರಿಯಲ್ಲಿ ಬಿ.ಕಾಂ. ಓದುತ್ತಿದ್ದಾಳೆ. ಪುಳಿ ಕುದಿಸುವಾಗೊಮ್ಮೆ, ಕಾಫಿ ಕೊಯ್ಲಿನಲ್ಲೊಮ್ಮೆ ಬಂದು ವಿಡಿಯೊ ಮಾಡುತ್ತಾಳೆ. ಅವಳಿಗೆ ಮಾಡಿದ ಕೆಲಸಕ್ಕೆ ದುಡ್ಡು, ತಿಂಗಳ ಸಂಬಳವಲ್ಲ. ಬರೆದದ್ದನ್ನು ಅತ್ತಿಗೆ ಓದದೆ ಹಾಕುವಂತಿಲ್ಲ. ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಜಾಗ ಸರಿಪಡಿಸಿದ್ದೂ ಅವಳೇ. ಅದಕ್ಕೆ ಮುಂಚೆ ಬಂದವರೆಲ್ಲ ಪಕ್ಕದ ತೋಟದ ನಾಯಿಗಳ ಮುಂದೆ ಹೋಗಿ ನಿಲ್ಲುತ್ತಿದ್ದರು. ಪಾಸ್‌ವರ್ಡ್ ಮಾತ್ರ ಅತ್ತಿಗೆಯ ಹಾಲಿನ ಲೆಕ್ಕದ ಪುಸ್ತಕದಲ್ಲಿದೆ. ವಾಟ್ಸ್ಯಾಪ್‌ನಲ್ಲಿ ಯಾರು ಏನು ಕೇಳಿದರೂ ಉತ್ತರ ಅವರದೇ, ಕರೆಂಟು ಮತ್ತು ನೆಟ್‌ವರ್ಕ್ ಎರಡೂ ಒಟ್ಟಿಗೆ ಇದ್ದರೆ. ಆಷಾಢದ ಗಾಳಿಮಳೆಯಲ್ಲಿ ಅಂಥ ಯೋಗ ಕೂಡಿಬರುವುದು ಅಪರೂಪ.

ಈ ವರ್ಷದ ಕಾಚಂಪುಳಿಯೂ ಖಾಲಿಯಾಗಿದೆ. ಬೇಕಾದವರು ಮುಂದಿನ ಸೆಪ್ಟೆಂಬರ್ ಕಳೆದ ಮೇಲೆ ಅತ್ತಿಗೆಗೆ ಫೋನ್ ಮಾಡಿ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಮಾತ್ರ ಬೇಡ, ಮಲಗಿರುತ್ತಾರೆ.